ಕನ್ನಡ ಆರ್‌ಪಿಜಿ ಒಬ್ರೇ ಮಾಡೋಕೆ ಗೊಡೊನಾ, ಆರ್‌ಪಿಜಿ ಮೇಕರ್ರಾ? ಎರಡೂ ಬಳಸಿ ನೋಡಿದ್ಮೇಲೆ

ಗೊಡೊ, ಆರ್‌ಪಿಜಿ ಮೇಕರ್ ಎರಡೂ ಗೇಮ್ ಮಾಡೋ ಸಾಫ್ಟ್‌ವೇರ್, ಅಂದ್ರೆ ಇಂಜಿನ್; ಆರ್‌ಪಿಜಿ ಅಂದ್ರೆ ಒಂದು ಪಾತ್ರವಾಗಿ ಕಥೆಯೊಳಗೆ ಸಾಗೋ ಗೇಮು. ಮೊದ್ಲೇ ಹೇಳ್ಬಿಡ್ತೀನಿ, ನನ್ನ ವೋಟು ಗೊಡೊಗೆ. ಆರ್‌ಪಿಜಿ ಮೇಕರ್‌ನ ಎಂಝೆಡ್ ಅನ್ನೋ ಆವೃತ್ತೀನ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯ ಸೇಲ್‌ನಲ್ಲಿ ದುಡ್ಡು ಕೊಟ್ಟು ತಗೊಂಡಿದ್ದೀನಿ, ಅದ್ರಲ್ಲಿ ಕೆಲ್ಸಾನೂ ಮಾಡಿದ್ದೀನಿ, ಆದ್ರೂ ಈಗ ಗೇಮ್ ಪೂರ್ತಿ ನಡೀತಿರೋದು ಗೊಡೊ 4ರಲ್ಲಿ. ಕಾರಣ ಒಂದೇ, ಒತ್ತಕ್ಷರ.

ಗೇಮ್ ಏನು ಅಂತ ಹೇಳ್ಬಿಟ್ರೆ ಮುಂದಿನದು ಅರ್ಥ ಆಗುತ್ತೆ. ಮಲೆನಾಡಿನ ಥರದ ಒಂದು ಕಲ್ಪನೆಯ ಸೀಮೆ, ಹೊಯ್ಸಳರ ಗುಡಿಗಳ ಥರ ನಕ್ಷತ್ರದಾಕಾರದ ಪಾಳು ಗುಡಿಗಳೇ ಡಂಜನ್ನು (ಶತ್ರುಗಳು ಅಡಗಿರೋ ಜಾಗ), ಬೇತಾಳ ಯಕ್ಷಿ ಬ್ರಹ್ಮರಾಕ್ಷಸ ಇವೆಲ್ಲಾ ಎದುರಾಳಿಗಳು, ಸರದಿ ಪ್ರಕಾರ ಕಾದಾಟ, ಮೇಲಿಂದ ನೋಡೋ 2ಡಿ. ಮಾತು ಜಾಸ್ತಿ ಇರೋ ಗೇಮು, ಅಷ್ಟೂ ಕನ್ನಡ. ಕೋಡು, ಚಿತ್ರ, ಕಥೆ ಮೂರೂ ನನ್ನ ತಲೆ ಮೇಲೆ, ಅದೂ ಆಫೀಸ್ ಮುಗಿಸಿ ಬಂದ್ಮೇಲೆ.

ಎಂಝೆಡ್‌ನಲ್ಲಿ ಶುರು ಮಾಡೋದು ನಿಜಕ್ಕೂ ಸಲೀಸು. 2020ರಲ್ಲಿ ಬಂದಿದ್ದು, ಮ್ಯಾಪು, ಡೇಟಾಬೇಸು, ಸೇವ್, ಅಂಗಡಿ, ಬ್ಯಾಟಲ್ ಎಲ್ಲಾ ರೆಡಿ ಇರುತ್ತೆ. ಹೀರೋನ ಶಕ್ತಿ ಎಷ್ಟು, ಕತ್ತಿ ಬೆಲೆ ಎಷ್ಟು ಅಂತ ತುಂಬಿಸ್ತಾ ಹೋದ್ರೆ ವಾರಾಂತ್ಯದೊಳಗೆ ಓಡಾಡೋ ಒಂದು ಊರು, ಬಡಿದಾಡೋ ಒಂದು ಗುಹೆ ಸಿಕ್ಕಿಬಿಡುತ್ತೆ. ಕೋಡ್ ಗೊತ್ತಿಲ್ದೋರಿಗೂ ಇವೆಂಟ್ ಕಮಾಂಡ್‌ಗಳಲ್ಲೇ ಅರ್ಧ ಗೇಮ್ ಮುಗಿಯುತ್ತೆ, ಗೊತ್ತಿದ್ರೆ ಜಾವಾಸ್ಕ್ರಿಪ್ಟ್ ಪ್ಲಗಿನ್ (ಇಂಜಿನ್‌ಗೆ ಸೇರಿಸೋ ಕೋಡ್ ತುಂಡು) ಬರ್ಕೋಬಹುದು. ಗೊಡೊದಲ್ಲಿ ಇದ್ಯಾವ್ದೂ ಹೀಗೆ ರೆಡಿ ಸಿಗಲ್ಲ. ಖಾಲಿ ಪರದೆ ಇಟ್ಟು ಕೂರುತ್ತೆ, ಬ್ಯಾಗಿನೊಳಗೆ ಮದ್ದಿನ ಸೀಸೆ ಇಡೋಕೂ ನೀವೇ ಕೋಡ್ ಬರೀಬೇಕು.

ಇನ್ನು ಆ ಒತ್ತಕ್ಷರದ ಕಥೆ. ಎಂಝೆಡ್‌ನ ಮೆಸೇಜ್ ಕಿಟಕಿ ಟೈಪ್ ಆದ ಹಾಗೆ ಒಂದೊಂದೇ ಅಕ್ಷರ ತೋರಿಸ್ತಾ ಹೋಗುತ್ತಲ್ಲ, ಅಲ್ಲಿ ಅದು ಅಕ್ಷರ ಅಂತ ಎಣಿಸೋದು ಒಂದೊಂದು ಯೂನಿಕೋಡ್ ಸಂಕೇತಾನ. ಜಪಾನಿ, ಇಂಗ್ಲಿಷಿಗೆ ಇದು ಸರಿಹೋಗುತ್ತೆ. ನಮ್ಮದ್ರಲ್ಲಿ "ಸೂರ್ಯ" ಅಂದ್ರೆ ಒಳಗೆ ಸ, ಊಕಾರದ ಕೊಂಬು, ರ, ವಿರಾಮ (ಅಕ್ಷರದ ಸ್ವರ ತೆಗೆಯೋ ಗುರುತು), ಯ ಅಂತ ಐದು ತುಂಡು. ಒಂದೊಂದನ್ನೂ ಬೇರೆ ಬೇರೆಯಾಗಿ ಬಿಡಿಸಿದ್ರೆ ಸ ಆದ್ಮೇಲೆ ಕೊಂಬು ಒಂದು ಚುಕ್ಕಿ ವೃತ್ತಕ್ಕೆ ಅಂಟಿಕೊಂಡು ಪಕ್ಕದಲ್ಲಿ ನಿಲ್ಲುತ್ತೆ, ರ ಒಂಟಿ, ವಿರಾಮ ಇನ್ನೊಂದು ಚುಕ್ಕಿ ವೃತ್ತದ ಮೇಲೆ, ಆಮೇಲೆ ಯ. ಅರ್ಕಾವತ್ತು ಯ ಆದ್ಮೇಲೆ ಬರ್ಬೇಕು, ಅದು ಬರೋದೇ ಇಲ್ಲ. "ಶಸ್ತ್ರ" ಅಂತೂ ಓದೋಕೇ ಆಗಲ್ಲ. ಫ್ಯಾಂಟಸಿ ಗೇಮಲ್ಲಿ ಮಂತ್ರ, ಶಸ್ತ್ರ, ಬ್ರಹ್ಮರಾಕ್ಷಸ ಇಲ್ದೆ ಎಷ್ಟು ಹೊತ್ತು ಮಾತಾಡ್ತೀರ?

ಮಜಾ ಏನಂದ್ರೆ ಮೆನುವಲ್ಲಿ, ಐಟಂ ಪಟ್ಟಿಯಲ್ಲಿ ಅದೇ ಪದ ನೀಟಾಗಿ ಬರುತ್ತೆ, ಯಾಕಂದ್ರೆ ಅಲ್ಲಿ ಪೂರ್ತಿ ಪದ ಒಟ್ಟಿಗೆ ಬಿಡಿಸುತ್ತೆ. ಹಾಗಾಗಿ ಫಾಂಟ್ ತಪ್ಪು ಅಂತ ಒಂದಾದ್ಮೇಲೊಂದು ಫಾಂಟ್ ಬದಲಾಯಿಸ್ತಾ ಕೂರೋದು ಬೇಡ, ಅದ್ರಿಂದ ಏನೂ ಆಗಲ್ಲ. ಒಂದು ದಾರಿ ಇದೆ: ಪ್ರತಿ ಸಾಲಿನ ಶುರುವಲ್ಲಿ ಬ್ಯಾಕ್‌ಸ್ಲ್ಯಾಶು, ಅದ್ರ ಪಕ್ಕ ಗ್ರೇಟರ್ ದ್ಯಾನ್ ಗುರುತು ಹಾಕಿ. ಆ ಸಾಲು ಒಂದೇ ಸಲಕ್ಕೆ ಬರುತ್ತೆ, ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತೆ. ಆದ್ರೆ ಪ್ರತಿ ಸಾಲಿಗೂ ಅದನ್ನ ಹಾಕ್ತಾ ಹೋಗ್ಬೇಕು, ಬೇತಾಳ ನಿಧಾನಕ್ಕೆ ತಡೆದು ತಡೆದು ಮಾತಾಡೋ ಆ ಭಯ ಪೂರ್ತಿ ಹೋಗುತ್ತೆ. ಪ್ಲಗಿನ್ ಬರೆದೂ ಸರಿಮಾಡ್ಬಹುದು, ಎಲ್ಲಿ ತುಂಡು ಮಾಡ್ಬಾರ್ದು ಅಂತ ಹೇಳಿಕೊಡೋದು ಅಷ್ಟೇ, ಆದ್ರೆ ಅದಾದ್ಮೇಲೆ ಸಾಲು ಮುರಿಯೋ ತಾಪತ್ರಯ ಕಾದಿರುತ್ತೆ. ಪದ ಉದ್ದ ಆದ್ರೆ ಕಿಟಕಿ ತಾನಾಗೇ ಕೆಳಗಿನ ಸಾಲಿಗೆ ಇಳಿಸಲ್ಲ, ನೀವೇ ಎಂಟರ್ ಒತ್ತಿ ಮುರೀಬೇಕು, ಕನ್ನಡದಲ್ಲಿ "ಹೋಗಬೇಕಾಗಿರುವುದರಿಂದ" ಅನ್ನೋ ಥರದ ಪದ ಬಂದ್ರೆ ಬಲಗಡೆ ಅಂಚಲ್ಲಿ ಕತ್ತರಿಸಿ ಹೋಗಿರುತ್ತೆ. ಆಟಗಾರರು ಹೆಸರು ಟೈಪ್ ಮಾಡೋ ಪರದೆಗೂ ಕನ್ನಡ ಇಲ್ಲ.

ಗೊಡೊ 3ರಲ್ಲೂ ಕನ್ನಡ ಹೀಗೇ ಚೆಲ್ಲಾಪಿಲ್ಲಿ ಇತ್ತು. 2023ರ ಮಾರ್ಚಲ್ಲಿ 4.0 ಬಂದಾಗ ಹಾರ್ಫ್‌ಬಝ್ ಒಳಗೆ ಸೇರಿಸಿದ್ರು, ಬ್ರೌಸರ್‌ಗಳು ಅಕ್ಷರ ಜೋಡಿಸೋಕೆ ಬಳಸೋ ಲೈಬ್ರರಿ ಅದು. ಅವತ್ತಿಂದ ರಿಚ್‌ಟೆಕ್ಸ್ಟ್‌ಲೇಬಲ್ (ಪರದೆ ಮೇಲೆ ಬರಹ ತೋರಿಸೋ ಚೌಕ) ಒಂದು ಹಾಕಿ ಕನ್ನಡ ಪೇಸ್ಟ್ ಮಾಡಿದ್ರೆ ಸಾಕು, ಒತ್ತು, ಅರ್ಕಾವತ್ತು, ಸಾಲು ಮುರಿಯೋದು ಎಲ್ಲಾ ಸರಿ. ಟೈಪ್ ಆಗೋ ಎಫೆಕ್ಟಿಗೆ ಮಾತ್ರ ಒಂದು ಸೆಟ್ಟಿಂಗ್ ಮುಟ್ಟಬೇಕು. ರಿಚ್‌ಟೆಕ್ಸ್ಟ್‌ಲೇಬಲ್‌ನಲ್ಲಿ ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್ ಅಂತ ಇರುತ್ತೆ, ಮೊದ್ಲಿಂದ ಅದು "ಬಿಫೋರ್ ಶೇಪಿಂಗ್"ನಲ್ಲಿ (ಶೇಪಿಂಗ್ ಅಂದ್ರೆ ತುಂಡುಗಳನ್ನ ಅಕ್ಷರವಾಗಿ ಜೋಡಿಸೋದು) ಇರುತ್ತೆ, ಆಗ "ಸೂ", "ಸೂರ", "ಸೂರ್" ಅಂತ ಕುಣಿದು ಕೊನೆಗೆ "ಸೂರ್ಯ" ಆಗುತ್ತೆ. "ಆಫ್ಟರ್ ಶೇಪಿಂಗ್" ಮಾಡಿದ್ರೆ ಅಕ್ಷರ ಪೂರ್ತಿಯಾದ ಮೇಲೇ ಕಾಣಿಸುತ್ತೆ. ಒತ್ತು ಜಾಸ್ತಿ ಇರೋ ಪದದಲ್ಲಿ ಚೂರು ತಡೆಯುತ್ತೆ, ಯಾಕಂದ್ರೆ ಒಳಗಿನ ಎಲ್ಲಾ ತುಂಡು ಎಣಿಸಿ ಮುಗಿಯೋ ತನಕ ಕಾಯುತ್ತೆ, ಸ್ಪೀಡ್ ಸ್ವಲ್ಪ ಏರಿಸಿದ್ರೆ ಗೊತ್ತೇ ಆಗಲ್ಲ. ಮೊದಲ ಸಲ ಯಕ್ಷಿ ಮಾತು ಒಂದೊಂದೇ ಅಕ್ಷರವಾಗಿ ಶುದ್ಧವಾಗಿ ಮೂಡಿದ್ದು ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ ಆ ಸೀನ್ ಸುಮ್ನೆ ಮತ್ತೆ ಮತ್ತೆ ಓಡಿಸಿದ್ದೀನಿ.

ಫಾಂಟ್ ಮಾತ್ರ ಗೇಮ್ ಜೊತೆಗೇ ಹಾಕಿ, ನೋಟೊ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮ, ಎರಡೂ ಓಪನ್ ಲೈಸೆನ್ಸು. ನಿಮ್ಮ ಕಂಪ್ಯೂಟರಲ್ಲಿ ಸಿಸ್ಟಂ ಫಾಂಟ್ ಬಂದು ಕಾಪಾಡಿರುತ್ತೆ, ಬ್ರೌಸರಲ್ಲಿ ಆಡೋರಿಗೆ ಬರೀ ಡಬ್ಬ ಕಾಣುತ್ತೆ. ಪಿಕ್ಸೆಲ್ ಗೇಮ್ ಅಂತ ಅಕ್ಷರಾನೂ 16 ಪಿಕ್ಸೆಲ್‌ಗೆ ಇಳಿಸ್ಬೇಡಿ, ಒತ್ತಿನ ಕೆಳಗಿನ ಒತ್ತು ಬರೀ ಮಸಿ ಆಗುತ್ತೆ.

ಇನ್ನೊಂದು ನನಗೆ ತುಂಬಾ ಹಿಡಿಸಿದ್ದು. ಗೊಡೊದಲ್ಲಿ ಮಾತುಗಳನ್ನೆಲ್ಲಾ ಒಂದು ಸಿಎಸ್‌ವಿ ಶೀಟಲ್ಲಿ ಇಟ್ಕೋಬಹುದು, ಒಂದು ಕಾಲಂ ಕನ್ನಡ, ಪಕ್ಕದ್ದು ಇಂಗ್ಲಿಷ್. ನನ್ನ ಅಕ್ಕ ಸಂಭಾಷಣೆ ತಿದ್ದಿಕೊಡ್ತಾಳೆ, ಅವಳಿಗೆ ಇಂಜಿನ್ ಗೊತ್ತಿಲ್ಲ, ಶೀಟ್ ಕಳ್ಸಿದ್ರೆ ಸಾಕು, "ಅಜ್ಜಿ ಹೀಗೆ ಮಾತಾಡಲ್ಲ ಕಣೋ" ಅಂತ ಬರೆದು ವಾಪಸ್ ಕಳಿಸ್ತಾಳೆ, ಅದನ್ನೇ ತಗೊಂಡು ಹಾಕಿದ್ರೆ ಮುಗೀತು. ಎಂಝೆಡ್‌ನಲ್ಲಿ ಮಾತೆಲ್ಲಾ ಆಯಾ ಮ್ಯಾಪಿನ ಫೈಲೊಳಗೆ ಹರಡಿಕೊಂಡಿರುತ್ತೆ.

ಚಿತ್ರದ ವಿಷ್ಯಕ್ಕೆ ಬಂದ್ರೆ ಎಂಝೆಡ್ ಜೊತೆ ಬರೋ 48 ಪಿಕ್ಸೆಲ್ ಟೈಲ್‌ಗಳು (ಮ್ಯಾಪು ಕಟ್ಟೋ ಚಿತ್ರದ ಚೌಕಗಳು) ಚೆನ್ನಾಗಿವೆ, ಆದ್ರೆ ಕೋಟೆ ಅಂದ್ರೆ ಯುರೋಪಿನ ಕೋಟೆ. ಹೆಂಚಿನ ಮನೆ, ತೊಟ್ಟಿ, ಕಲ್ಯಾಣಿ ಮೆಟ್ಟಿಲು ಇವನ್ನ ಎರಡು ಕಡೆನೂ ನಾವೇ ಬಿಡಿಸ್ಬೇಕು. ಹಾಗೆ ಬಿಡಿಸೋದೇ ಆದ್ರೆ ರೆಡಿ ಚಿತ್ರದ ಲಾಭ ನನಗೆ ಉಳೀಲಿಲ್ಲ.

ಯೂನಿಟಿ ಅನ್ನೋ ಇನ್ನೊಂದು ಇಂಜಿನ್ನೂ ಇಳಿಸಿ ನೋಡ್ದೆ. ನನ್ನ 8 ಜಿಬಿ ಲ್ಯಾಪ್‌ಟಾಪಿಗೆ ಭಾರ, ಜೊತೆಗೆ ಅದ್ರಲ್ಲಿ ಬರಹ ತೋರಿಸೋಕೆ ಎಲ್ರೂ ಬಳಸೋ ಟೆಕ್ಸ್ಟ್‌ಮೆಶ್ ಪ್ರೋನಲ್ಲೂ ಒತ್ತಕ್ಷರ ತಾನಾಗೇ ಕೂಡಲ್ಲ. ಯೂನಿಟಿಯವ್ರು 2023ರಲ್ಲಿ ಗೇಮ್ ಎಷ್ಟು ಸಲ ಇನ್‌ಸ್ಟಾಲ್ ಆಗುತ್ತೆ ಅನ್ನೋ ಲೆಕ್ಕದಲ್ಲಿ ಫೀ ಅಂದ್ರು, 2024ರಲ್ಲಿ ಕೈಬಿಟ್ರು. ವರ್ಷಗಟ್ಲೆ ಒಬ್ನೇ ಕೂತು ಮಾಡೋ ಗೇಮಿಗೆ ಆ ಟೆನ್ಷನ್ ಬೇಡ ಅನ್ನಿಸ್ತು. ಗೊಡೊ ಎಂಐಟಿ ಅನ್ನೋ ಮುಕ್ತ ಲೈಸೆನ್ಸು, ಗೇಮ್ ಮಾರಿದ್ರೂ ಅವರಿಗೆ ಒಂದು ರೂಪಾಯಿ ಕೊಡೋದಿಲ್ಲ.

ಬಜೆಟ್ ಲೆಕ್ಕ ಹಾಕಿದ್ರೂ ಅಷ್ಟೇ. ಎಂಝೆಡ್ ಸೇಲ್ ಇಲ್ದಾಗ 80 ಡಾಲರ್ ಹತ್ರ, ಸ್ಟೀಮಲ್ಲಿ ಒಂದು ಗೇಮ್ ಹಾಕೋಕೆ 100 ಡಾಲರ್. ಇನ್ನೂ ಏನೂ ತಗೊಂಡಿಲ್ಲ ಅಂದ್ರೆ ಆ ದುಡ್ಡು ಸ್ಟೀಮಿಗೆ ಎತ್ತಿಡಿ, ಗೊಡೊ 4.3 ಅಥವಾ ಅದರ ಮೇಲಿನದು ಇಳಿಸ್ಕೊಳ್ಳಿ. ಸ್ವಲ್ಪ ಪೈಥಾನ್ ಗೊತ್ತಿದ್ರೆ ಗೊಡೊದ ಕೋಡ್ ಭಾಷೆ ಜಿಡಿಸ್ಕ್ರಿಪ್ಟ್ ಬೇಗ ಕೈಗೆ ಹತ್ತುತ್ತೆ. ಮಾತು ಪೂರ್ತಿ ಇಂಗ್ಲಿಷಲ್ಲೇ ಸಾಕು, ಕೋಡ್ ಕಂಡ್ರೆ ಆಗಲ್ಲ, ಈ ವರ್ಷಾನೇ ಒಂದು ಚಿಕ್ಕ ಗೇಮ್ ಮುಗಿಸ್ಬೇಕು ಅನ್ನೋರು ಎಂಝೆಡ್ ತಗೊಳ್ಳಿ, ಖಂಡಿತ ಮುಗಿಸ್ತೀರ. ನನ್ನ ಬ್ಯಾಟಲ್ ಸಿಸ್ಟಂ ಇನ್ನೂ ಅರ್ಧ ಆಗಿದೆ, ಶತ್ರು ಸರದಿ ಬಂದಾಗ ಯಾರನ್ನ ಹೊಡೀಬೇಕು ಅಂತ ಬೇತಾಳನಿಗೆ ಕಲಿಸ್ತಾ ಇದ್ದೀನಿ, ಅದು ಮುಗಿದ್ಮೇಲೆ ಆ ಕೋಡ್ ಬೇಕಾದೋರಿಗೆ ಹಾಗೇ ಕೊಡ್ತೀನಿ.