ಮೊದಲ ಸಲ ಲಿನಕ್ಸ್ ಹಾಕುವವರಿಗೆ: ಉಬುಂಟುವೋ, ಡೆಬಿಯನ್ನೋ, ಆರ್ಚೋ?

ವಿಂಡೋಸ್ ಥರ ಕಂಪ್ಯೂಟರ್ ನಡೆಸುವ ವ್ಯವಸ್ಥೆ ಲಿನಕ್ಸ್; ಉಬುಂಟು, ಡೆಬಿಯನ್, ಆರ್ಚ್ ಅದರ ಬೇರೆ ಬೇರೆ ರೂಪಗಳು. ಹೊಸಬರಿಗೆ ಭಯ ಹುಟ್ಟುವುದು ಒಂದೇ ಜಾಗದಲ್ಲಿ: ಅದನ್ನು ಹಾಕಲು ಡಿಸ್ಕ್ ಭಾಗ ಮಾಡುವಾಗ. ಒಂದು ತಪ್ಪು ಕ್ಲಿಕ್, ಹಳೆಯ ಫೋಟೋಗಳೆಲ್ಲ ಹೋದವು. ಆ ಹೊತ್ತಲ್ಲಿ ಸಹಾಯ ಎಲ್ಲಿ ಸಿಗುತ್ತದೆ ಅನ್ನೋದನ್ನು ನೋಡಿಯೇ ಆರಿಸಿ.

ಉಬುಂಟುವಿನಲ್ಲಿ ಪೆನ್‌ಡ್ರೈವ್‌ನಿಂದಲೇ ಪೂರ್ತಿ ಡೆಸ್ಕ್‌ಟಾಪ್ ತೆರೆಯುತ್ತದೆ. ಇನ್‌ಸ್ಟಾಲರ್ ಒಂದು ಕಿಟಕಿ ಮಾತ್ರ. ಪಕ್ಕದಲ್ಲೇ ಫೈರ್‌ಫಾಕ್ಸ್ ತೆರೆದು ಅನುಮಾನ ಬಂದ ಪದವನ್ನು ಹುಡುಕಬಹುದು. ಆದರೆ ವೈಫೈ ಹಿಡಿಯದಿದ್ದರೆ ಈ ಅನುಕೂಲ ಅರ್ಧ ಹೋಯಿತು. ಅದಕ್ಕೇ ಮೊದಲು ಇನ್‌ಸ್ಟಾಲ್ ಮಾಡದೆ ಸುಮ್ನೆ ಓಡಿಸಿ, ವೈಫೈ ನೋಡಿಕೊಳ್ಳಿ.

ಡೆಬಿಯನ್‌ನ ಮಾಮೂಲಿ ಇನ್‌ಸ್ಟಾಲರ್‌ನಲ್ಲಿ ಬ್ರೌಸರ್ ಇಲ್ಲ. ಆದರೆ ಪ್ರತಿ ಪ್ರಶ್ನೆಯ ಮೇಲೆ ಎರಡು ಮೂರು ಸಾಲಿನ ವಿವರಣೆ ಇರುತ್ತದೆ, ನೆಟ್ ಬೇಕಿಲ್ಲ. ಡಿಸ್ಕ್‌ಗೆ ಬರೆಯುವ ಮುಂಚೆ ಬದಲಾವಣೆಗಳ ಪಟ್ಟಿ ತೋರಿಸಿ, ಒಪ್ಪಿಗೆ ಕೇಳುತ್ತದೆ. ಮೊದಲೇ ಆರಿಸಿರುವ ಉತ್ತರ 'ಬೇಡ'! ಈ ಎಚ್ಚರಿಕೆ ನನಗೆ ತುಂಬಾ ಇಷ್ಟ. ಗ್ರಾಫಿಕಲ್ ಇನ್‌ಸ್ಟಾಲರ್‌ನಲ್ಲಿ ಕನ್ನಡವನ್ನೂ ಆರಿಸಬಹುದು. ಇಂಗ್ಲಿಷ್ ಕಷ್ಟ ಅನ್ನುವ ಅಪ್ಪ ಅಮ್ಮನಿಗೆ ಇದು ದೊಡ್ಡ ವಿಷಯ, ಅಲ್ವಾ? ಇನ್‌ಸ್ಟಾಲೇಷನ್ ಗೈಡ್ ಅನ್ನು ಮಾತ್ರ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಆರ್ಚ್‌ನಲ್ಲಿ ಎದುರಾಗುವುದು ಆದೇಶಗಳನ್ನು ಟೈಪ್ ಮಾಡಬೇಕಾದ ಕಪ್ಪು ಪರದೆ. ಅದರ ವಿಕಿ, ಅಂದರೆ ನೆಟ್‌ನಲ್ಲಿರುವ ಸಹಾಯ ಪುಟಗಳು, ಬಹಳ ಚೆನ್ನಾಗಿದೆ; 2021ರಿಂದ ಇನ್‌ಸ್ಟಾಲ್ ಸುಲಭ ಮಾಡುವ ಆರ್ಚ್‌ಇನ್‌ಸ್ಟಾಲ್ ಎಂಬ ಮೆನುವೂ ಇದೆ. ಆದರೂ ಓದಿ ಕಲಿಯುವ ಹಟ ಇದ್ದವರಿಗೆ ಮಾತ್ರ.

ಪಕ್ಕದಲ್ಲಿ ಕೇಳಲು ಯಾರೂ ಇಲ್ಲ, ವೈಫೈ ಹಿಡಿಯುತ್ತದೆ ಎಂದಾದರೆ ಉಬುಂಟು ಹಾಕಿ. ನೆಟ್ ನಂಬುವಂತಿಲ್ಲದ ಊರಲ್ಲಿ ನಾನು ಡೆಬಿಯನ್ನೇ ಕೊಡುತ್ತೇನೆ.