ಮರೆವಿಗೆ ಗಿಡದ ಮದ್ದು: ಗ್ಯಾಲಂಟಮೈನ್, ಗಿಂಕ್ಗೊ, ಬ್ರಾಹ್ಮಿ

ಮನೆಯ ಹಿರಿಯರಿಗೆ ಮರೆವು ಜಾಸ್ತಿಯಾದಾಗ ಕಿವಿಗೆ ಬೀಳುವ ಹೆಸರುಗಳಲ್ಲಿ ಈ ಮೂರೂ ಇರುತ್ತವೆ. ಮೂರೂ ಗಿಡಮರದಿಂದಲೇ ಬಂದವು. ಆದರೆ ಪುರಾವೆಯ ತೂಕ ಒಂದೇ ಅಲ್ಲ.

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಅಂತ ಗೊತ್ತಾಗಿದ್ದರೆ ನನ್ನ ಓಟು ಗ್ಯಾಲಂಟಮೈನ್‌ಗೆ. ಇದನ್ನು ಮೊದಲು ಸ್ನೋಡ್ರಾಪ್ ಜಾತಿಯ ಹೂಗಿಡದಿಂದ ತೆಗೆದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2001ರಲ್ಲಿ, ಡಿಮೆನ್ಷಿಯಾದ ಹೆಚ್ಚು ಕಾಣುವ ಬಗೆಯಾದ ಆಲ್ಝೈಮರ್ಸ್‌ನ ಆರಂಭ ಮತ್ತು ಮಧ್ಯಮ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ನೆನಪಿಗೆ ಬೇಕಾದ ರಾಸಾಯನಿಕ ಅಸಿಟೈಲ್‌ಕೋಲಿನ್ ಮಿದುಳಿನಲ್ಲಿ ಬೇಗ ಒಡೆದುಹೋಗದಂತೆ ಇದು ತಡೆಯುತ್ತದೆ. ಕಾಯಿಲೆ ನಿಲ್ಲುವುದಿಲ್ಲ, ಕೆಲವರಿಗೆ ಕೆಲಕಾಲ ದಿನಚರಿ ಸ್ವಲ್ಪ ಸುಲಭವಾಗುತ್ತದೆ. ವಾಕರಿಕೆ ಬರಬಹುದು, ನಾಡಿ ನಿಧಾನವಾಗಬಹುದು. ಡಾಕ್ಟರ್ ಚೀಟಿ ಬೇಕೇ ಬೇಕು.

ಗಿಂಕ್ಗೊ ಮರದ ಎಲೆಯ ಸಾರದ್ದು ಹೆಸರೇ ದೊಡ್ಡದು. ಅಮೆರಿಕದಲ್ಲಿ 75 ದಾಟಿದ 3,069 ಜನರ ಮೇಲೆ ಪರೀಕ್ಷೆ ನಡೆಯಿತು. ಗಿಂಕ್ಗೊ ಗುಂಪಿಗೆ 120 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಸುಮಾರು ಆರು ವರ್ಷ. 2008ರಲ್ಲಿ ಫಲಿತಾಂಶ ಬಂತು: ಡಿಮೆನ್ಷಿಯಾ ತಡೆಯುವುದರಲ್ಲಿ ಮದ್ದಿಲ್ಲದೆ ಸುಮ್ನೆ ಕೊಟ್ಟ ಮಾತ್ರೆಗಿಂತ ಮೇಲೇನೂ ಅಲ್ಲ. ಮೇಲಾಗಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ವಾರ್ಫರಿನ್ ನುಂಗುವವರಿಗೆ ರಕ್ತಸ್ರಾವದ ಭಯ ಬೇರೆ. ತಡೆಗಟ್ಟಲು ಅಂತ ಇದಕ್ಕೆ ದುಡ್ಡು ಸುರಿಯುವುದು ಬೇಡ.

ಬ್ರಾಹ್ಮಿ, ಅಂದರೆ ನೀರುಬ್ರಾಹ್ಮಿ, ನಡುವೆ ನಿಲ್ಲುತ್ತದೆ. (ತಂಬುಳಿಯ ಒಂದೆಲಗ ಬೇರೆ ಗಿಡ.) ಆರೋಗ್ಯವಂತರಲ್ಲಿ 300 ಮಿಲಿಗ್ರಾಂ ಸಾರವನ್ನು ಹನ್ನೆರಡು ವಾರ ಕೊಟ್ಟ ಸಣ್ಣ ಅಧ್ಯಯನಗಳಲ್ಲಿ ನೆನಪು ಸ್ವಲ್ಪ ಸುಧಾರಿಸಿದ್ದುಂಟು. ಡಿಮೆನ್ಷಿಯಾ ಬಂದವರಿಗೆ ಅಂಥ ಗಟ್ಟಿ ಪುರಾವೆ ಇಲ್ಲ. ಹೊಟ್ಟೆ ಕೆಡಬಹುದು.

ಯಾವುದನ್ನೇ ಕೊಳ್ಳುವ ಮೊದಲು ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆಯೂ ಇದೆ.