ಸಿಗ್‌ಸ್ಟೋರ್: ಏಜೆಂಟ್ ಮಾಡಿದ ಕೆಲಸ ಏಜೆಂಟ್ ಹೆಸರಿಗೇ

ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಕಮಿಟ್ ಮಾಡಿದವರ, ಅಂದರೆ ಬದಲಾವಣೆಯೊಂದನ್ನು ದಾಖಲಿಸಿದವರ ಹೆಸರು, ಇಮೇಲ್ ಎಲ್ಲವೂ ನಾವೇ ಬರೆದುಕೊಂಡದ್ದು. ಅದನ್ನು ಯಾರೂ ತಾಳೆ ನೋಡುವುದಿಲ್ಲ. ಮನುಷ್ಯರಷ್ಟೇ ಕೋಡ್ ಬರೆಯುತ್ತಿದ್ದಾಗ ಇದು ಅಂಥ ತೊಂದರೆಯೇನೂ ಆಗಿರಲಿಲ್ಲ. ತಾವೇ ಕೋಡ್ ಬರೆದು ಆಜ್ಞೆ ಓಡಿಸುವ ಎಐ ಏಜೆಂಟ್‌ಗಳು ಬಂದ ಮೇಲೆ, ಅವು ಯಾರ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆಯೋ ಅವರ ಹೆಸರಿಗೇ ಕೆಲಸವೆಲ್ಲ ಜಮೆಯಾಗತೊಡಗಿತು. ಕೆಲವು ಏಜೆಂಟ್‌ಗಳು ಕೊನೆಯಲ್ಲಿ ತಾವೂ ಸಹಲೇಖಕರೆಂದು ಒಂದು ಸಾಲು ಸೇರಿಸುತ್ತವೆ. ಅದು ಬರೀ ಅಕ್ಷರ, ಯಾರು ಬೇಕಾದರೂ ಅಳಿಸಬಹುದು, ಯಾರು ಬೇಕಾದರೂ ಸೇರಿಸಬಹುದು. ಅಲ್ಲಗಳೆಯಲಾಗದ ದಾಖಲೆ ಬೇಕೆಂದು ನಮ್ಮ ತಂಡದಲ್ಲಿ ಸಿಗ್‌ಸ್ಟೋರ್ ಎಂಬ ಡಿಜಿಟಲ್ ಸಹಿಯ ವ್ಯವಸ್ಥೆ ಹಿಡಿದೆವು. ವರ್ಷ ದಾಟಿದೆ, ಬಿಡುವ ಯೋಚನೆಯಿಲ್ಲ.

ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ 2021ರಲ್ಲಿ ಶುರುವಾದ ಉಚಿತ ಯೋಜನೆ ಇದು. ಸಾಫ್ಟ್‌ವೇರ್ ಪ್ಯಾಕೇಜ್‌ಗಳಿಗೆ ಸಹಿ ಹಾಕುವುದು ಇದರ ಮೂಲ ಕೆಲಸ. ಏಜೆಂಟ್‌ಗಳಿಗೆ ಒಗ್ಗಿಸಿಕೊಂಡದ್ದು ನಾವು. ಲಾಗಿನ್ ಮೂಲಕ ಗುರುತು ಸಾಬೀತಾದರೆ ಇದರ ಫುಲ್ಸಿಯೊ ಎಂಬ ಭಾಗ ಹತ್ತು ನಿಮಿಷ ಬಾಳುವ ಪ್ರಮಾಣಪತ್ರವೊಂದನ್ನು ಕೊಡುತ್ತದೆ. ಅಷ್ಟರೊಳಗೆ ಸಹಿ ಹಾಕಿ, ಸಹಿಗೆ ಬಳಸಿದ ಗುಟ್ಟಿನ ಸಂಖ್ಯೆಯಾದ ಖಾಸಗಿ ಕೀಯನ್ನು ಎಸೆದುಬಿಡಬಹುದು. ಸಹಿಯ ವಿವರ ರೆಕೋರ್ ಎಂಬ ಸಾರ್ವಜನಿಕ ಲಾಗ್‌ಗೆ ಸೇರುತ್ತದೆ. ಅಲ್ಲಿ ಸೇರಿಸಲು ಬರುತ್ತದೆ, ತೆಗೆಯಲು ಬರುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಕೀಯನ್ನು ಎಸೆಯುವ ಈ ಏರ್ಪಾಡು. ಏಜೆಂಟ್ ತನಗೆ ಎಟುಕುವ ಫೈಲನ್ನೆಲ್ಲ ಓದುತ್ತದೆ. ಖಾಸಗಿ ಕೀ ಡಿಸ್ಕ್‌ನಲ್ಲಿ ಬಿದ್ದಿದ್ದರೆ ಅದನ್ನೂ ಓದೀತು.

ಆದರೆ ಸಹಿ ಸರಿಯಾಗಿದ್ದ ಮಾತ್ರಕ್ಕೆ ಕರ್ತೃ ಯಾರೆಂದು ಗೊತ್ತಾಗುವುದಿಲ್ಲ. ಆಡಿಟರ್ ಕಚೇರಿಯ ಡ್ರಾಯರಿನಲ್ಲಿ ಕಕ್ಷಿದಾರರ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್‌ಗಳು ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ಮಲಗಿರುವುದನ್ನು ನೋಡಿದ್ದೀರಲ್ಲ? ಸಹಿ ಕಕ್ಷಿದಾರರದು, ಬಟನ್ ಒತ್ತಿದ್ದು ಗುಮಾಸ್ತ. ನನ್ನ ಲಾಗಿನ್ ಬಳಸಿ ಏಜೆಂಟ್ ಸಹಿ ಹಾಕಿದರೂ ಅಷ್ಟೇ. ಗಣಿತ ನೂರಕ್ಕೆ ನೂರು ಸರಿ, ದಾಖಲೆ ಸುಳ್ಳು.

ಆದ್ದರಿಂದ ಏಜೆಂಟ್‌ಗಳನ್ನು ನಮ್ಮ ಲ್ಯಾಪ್‌ಟಾಪ್‌ಗಳಿಂದ ತೆಗೆದು, ಕೋಡನ್ನು ಕಟ್ಟಿ ಪರೀಕ್ಷಿಸುವ ಬಿಲ್ಡ್ ಸರ್ವರ್‌ಗೆ ಸಾಗಿಸಿದೆವು. ಅಲ್ಲಿ ಪ್ರತಿ ಕೆಲಸಕ್ಕೂ ಅದರದ್ದೇ ಗುರುತಿನ ಟೋಕನ್ ಸಿಗುವುದರಿಂದ ಪ್ರಮಾಣಪತ್ರದಲ್ಲಿ ನನ್ನ ಇಮೇಲ್ ಬದಲು ಆ ಕೆಲಸದ ವಿಳಾಸ ಬರುತ್ತದೆ. ಡೇಟಾಬೇಸ್ ಮುಟ್ಟುವಂಥ ಆಜ್ಞೆಗಳಿಗೆ ಇನ್ನೊಂದು ನಿಯಮ ಮಾಡಿಕೊಂಡಿದ್ದೇವೆ: ಆಜ್ಞೆ, ಸಮಯ, ಎಐ ಮಾದರಿಯ ಹೆಸರು ಇರುವ ಸಣ್ಣ ದಾಖಲೆಗೆ ಏಜೆಂಟ್ ಸಿಗ್‌ಸ್ಟೋರ್‌ನ ಕೋಸೈನ್ ಎಂಬ ಸಾಧನದ ಮೂಲಕ ಸಹಿ ಹಾಕುತ್ತದೆ, ಒಪ್ಪಿಗೆ ಕೊಟ್ಟವರು ಅದೇ ದಾಖಲೆಗೆ ತಮ್ಮ ಸಹಿಯನ್ನು ಬೇರೆಯಾಗಿ ಹಾಕುತ್ತಾರೆ. ಒಮ್ಮೆ ಪರೀಕ್ಷಾ ಡೇಟಾಬೇಸ್‌ನಲ್ಲಿ ಕಾಲಂ ಒಂದು ಮಾಯವಾದಾಗ ಏಜೆಂಟ್ ಸಹಿ ಇತ್ತು, ಮನುಷ್ಯರದು ಇರಲಿಲ್ಲ. ಒಪ್ಪಿಗೆಯ ಹಂತವನ್ನೇ ದಾಟಿಕೊಂಡು ಹೋಗುವ ಕಿಂಡಿ ನಮ್ಮ ಸ್ಕ್ರಿಪ್ಟ್‌ನಲ್ಲೇ ಇತ್ತೆಂದು ಆಗ ತಿಳಿಯಿತು. ಯಾರನ್ನೂ ಕಟಕಟೆಗೆ ನಿಲ್ಲಿಸುವ ಪ್ರಮೇಯ ಬರಲಿಲ್ಲ.

ಕಿರಿಕಿರಿಗಳಿಗೇನೂ ಕೊರತೆಯಿಲ್ಲ. ಕಮಿಟ್‌ಗಳಿಗೆ ಸಹಿ ಹಾಕುವ ಗಿಟ್‌ಸೈನ್ ಬ್ರೌಸರ್ ತೆರೆದು ಲಾಗಿನ್ ಕೇಳುತ್ತದೆ. ಲಾಗಿನ್ ನೆನಪಿಟ್ಟುಕೊಳ್ಳುವ ಕ್ಯಾಶ್ ಹೊಂದಿಸದೆ ರಿಬೇಸ್‌ಗೆ (ಹಲವು ಕಮಿಟ್‌ಗಳನ್ನು ಹೊಸದಾಗಿ ಜೋಡಿಸುವುದಕ್ಕೆ) ಇಳಿದರೆ ತಾಳ್ಮೆ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡದು ಸ್ಕ್ವಾಶ್. ಹೀಗೆ ಹತ್ತು ಕಮಿಟ್‌ಗಳನ್ನು ಒಂದಾಗಿಸಿದರೆ ಹ್ಯಾಶ್ (ಒಳಗಿನ ವಿಷಯದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಬದಲಾಗಿ ಹಳೆಯ ಸಹಿಗಳೆಲ್ಲ ಹೋಗುತ್ತವೆ. ಮುಖ್ಯ ಶಾಖೆಯಲ್ಲಿ ಏಜೆಂಟ್‌ನ ಸುಳಿವೇ ಇರುವುದಿಲ್ಲ. ಏಜೆಂಟ್ ಶಾಖೆಗಳಿಗೆ ಸ್ಕ್ವಾಶ್ ನಿಷೇಧಿಸಿದೆವು, ಇತಿಹಾಸ ಗಜಿಬಿಜಿಯಾಯಿತು, ಸಹಿಸಿಕೊಂಡಿದ್ದೇವೆ.

ಗೋಪ್ಯತೆಯ ವಿಷಯದಲ್ಲಂತೂ ಮೊದಲೇ ಯೋಚಿಸಬೇಕು. ಮನುಷ್ಯರು ಸಹಿ ಹಾಕಿದರೆ ಅವರ ಇಮೇಲ್ ಸಾರ್ವಜನಿಕ ಲಾಗ್‌ನಲ್ಲಿ ಶಾಶ್ವತವಾಗಿ ಕೂರುತ್ತದೆ. ಫೈಲಿಗೆ ಸಹಿ ಹಾಕಿದಾಗ ಲಾಗ್‌ಗೆ ಹೋಗುವುದು ಅದರ ಹ್ಯಾಶ್ ಮಾತ್ರ, ನಿಜ. ಆದರೆ ದಾಖಲೆಯಲ್ಲಿ ಬದಲಾಗುವುದು ಒಂದು ಮೊಬೈಲ್ ಸಂಖ್ಯೆಯಷ್ಟೇ ಆಗಿದ್ದರೆ, ಹತ್ತಂಕಿಯ ಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ ಅದನ್ನು ಕಂಡುಹಿಡಿಯುವುದು ಇಂದಿನ ಕಂಪ್ಯೂಟರ್‌ಗೆ ಕಷ್ಟವಲ್ಲ. ಅದಕ್ಕೇ ನಾವು ಪ್ರತಿ ದಾಖಲೆಗೂ ಊಹಿಸಲಾಗದಂಥ ಯಾದೃಚ್ಛಿಕ ಸಂಖ್ಯೆಯೊಂದನ್ನು ಬೆರೆಸುತ್ತೇವೆ.

ಈ ಸಹಿ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ ಎಂದು ಗ್ರಾಹಕರೊಬ್ಬರು ಕೇಳಿದ್ದರು. ಇದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪರವಾನಗಿ ಪಡೆದ ಸಂಸ್ಥೆ ಕೊಡುವ ಡಿಜಿಟಲ್ ಸಹಿಯಲ್ಲ, ಆ ಮಾನ್ಯತೆ ಇದಕ್ಕೆ ತಾನಾಗಿ ಬರುವುದಿಲ್ಲ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆ ವಿದ್ಯುನ್ಮಾನ ದಾಖಲೆಯ ಹ್ಯಾಶ್ ಕೇಳುತ್ತದೆ. ಆ ಹ್ಯಾಶ್ ನಮ್ಮ ಬಳಿ ಕೆಲಸ ನಡೆದ ದಿನದಿಂದಲೇ ಸಿದ್ಧವಿರುತ್ತದೆ.

ಒಬ್ಬರೇ ಕೂತು ಕೆಲಸ ಮಾಡುವವರಿಗೆ ಇಷ್ಟೆಲ್ಲ ಬೇಡ. ಗಿಟ್ 2.34ರಿಂದ, ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಯಲ್ಲೇ ಸಹಿ ಹಾಕಬಹುದು. ಏಜೆಂಟ್‌ಗೆ ಒಂದು, ನಿಮಗೊಂದು ಎಂದು ಎರಡು ಕೀ ಮಾಡಿ, ನಿಮ್ಮದನ್ನು ಅದಕ್ಕೆ ಎಟುಕದ ಕಡೆ ಇಡಿ.